ಅವಳ ಟವೆಲ್ಲಿಗೆ ನಾನು ಹಾಕಿದ ಗಂಟು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಹಾಗೆಯೇ ಎದ್ದಿದ್ದೇನೆ. ಒಮ್ಮೆ ಕಣ್ಣಿನ ಪೊರೆಯ ನೆಪ, ಇನ್ನೊಮ್ಮೆ ಮೊಮ್ಮಗಳ ಮದುವೆಯ ನೆಪ. ನಿಜವಾದ ಕಾರಣ ನಾಚಿಕೆ. ಈಗಲೂ ಧೈರ್ಯ ಬಂದು ಬರೆಯುತ್ತಿಲ್ಲ, ಸಿಟ್ಟು ಬಂದು ಬರೆಯುತ್ತಿದ್ದೇನೆ. ಮೊನ್ನೆ ಮಧುಗಿರಿ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಅದೇ ಶಿಬಿರದ ಹೊಸ ಪೋಸ್ಟರ್ ಕಂಡಿತು. ನಿಮ್ಮ ನೋವಿಗೆ ನಿಮ್ಮ ಮನಸ್ಸೇ ಕಾರಣ, ನಿಮ್ಮ ಮನಸ್ಸೇ ಮದ್ದು ಎಂದು ದಪ್ಪ ಅಕ್ಷರದಲ್ಲಿತ್ತು. ಆ ಮಾತನ್ನು ಒಂದು ಕಾಲಕ್ಕೆ ಮೈಕ್ ಹಿಡಿದು ಹೇಳುತ್ತಿದ್ದವನು ನಾನೇ.

ನಾನು ಪುರವರ ಹೋಬಳಿಯ ಒಂದು ಪಂಚಾಯಿತಿಯಲ್ಲಿ ನೀರುಗಂಟಿಯಾಗಿದ್ದವನು. ಬೋರ್‌ವೆಲ್ ಮೋಟಾರ್ ಹಾಕುವುದು, ವಾಲ್ವ್ ತಿರುಗಿಸಿ ಕೇರಿಗೊಂದು ಹೊತ್ತು ನೀರು ಬಿಡುವುದು ನನ್ನ ಕೆಲಸ. ಕೆಲಸ ಬಿಟ್ಟ ಮೇಲೆ ಸಕ್ಕರೆ ಕಾಯಿಲೆ ಏರಿತು, ಹೆಂಡತಿ ತೀರಿಕೊಂಡ ಮೇಲೆ ನಿದ್ದೆಯೂ ಹೋಯಿತು. ಆಗ ಕೊರಟಗೆರೆಯಲ್ಲಿ ನಡೆದ ದೇಹ ಮತ್ತು ಮನಸ್ಸಿನ ಸ್ವಾಸ್ಥ್ಯ ಶಿಬಿರವೊಂದಕ್ಕೆ ಪಕ್ಕದ ಮನೆಯವರು ನನ್ನನ್ನು ಕರೆದುಕೊಂಡು ಹೋದರು. ಬೆಳಗಿನ ನಡಿಗೆ, ಉಸಿರಾಟ, ರಾತ್ರಿ ಬೇಗ ಊಟ, ರಾಗಿ ಅಂಬಲಿ, ನಾಲ್ಕು ಜನರ ಜೊತೆ ಮಾತು. ನನಗೆ ಗುಣ ಕಂಡಿತು. ಅದು ಸುಳ್ಳಲ್ಲ, ಈಗಲೂ ನಡೆಯುತ್ತೇನೆ, ಈಗಲೂ ಹೊತ್ತಿಗೆ ಸರಿಯಾಗಿ ಮಲಗುತ್ತೇನೆ. ಅಷ್ಟಕ್ಕೇ ನಿಂತಿದ್ದರೆ ಈ ಬರಹ ಬೇಕಿರಲಿಲ್ಲ.

ಶಿಬಿರದ ಮುಖ್ಯಸ್ಥರು ಬೆಂಗಳೂರಿನ ಕಡೆಯವರು. ಮಾತು ಮೃದು, ಬಟ್ಟೆ ಬಿಳಿ, ಯಾರು ಏನು ಕೇಳಿದರೂ ನಕ್ಕು ತಲೆಯಾಡಿಸುವವರು. ಹೇಳಿದ ಹೊತ್ತಿಗೆ ನಾನು ಸರಿಯಾಗಿ ಬರುತ್ತಿದ್ದುದನ್ನು ನೋಡಿ, "ನೀವು ನಮ್ಮ ಜೊತೆ ಇರಿ, ಜನರಿಗೆ ನಿಮ್ಮ ಮಾತು ಅರ್ಥವಾಗುತ್ತೆ" ಎಂದರು. ಹೀಗೆ ನಾನು ಶಿಬಿರದ ಮೇಲ್ವಿಚಾರಕನಾದೆ. ನೀರುಗಂಟಿ ಎಂದು ಹೆಸರು ಕೂಡ ಹಿಡಿಯದೆ ಕೂಗುತ್ತಿದ್ದ ಜನ ಈಗ 'ಸಾರ್' ಎನ್ನುತ್ತಿದ್ದರು. ಆ ಎರಡಕ್ಷರಕ್ಕೆ ನಾನು ಎಷ್ಟು ಬೆಲೆ ತೆತ್ತೆ ಎಂದು ಆಗ ಗೊತ್ತಾಗಲಿಲ್ಲ.

ನನ್ನ ಕೆಲಸ ಹೀಗಿತ್ತು. ಸಂಜೆ ತಾಮ್ರದ ಹಂಡೆಗಳನ್ನು ತೊಳೆದು, ಕಲ್ಯಾಣ ಮಂಟಪದ ಬೋರ್‌ವೆಲ್ ನೀರು ತುಂಬಿಸಿ, ಬಿಳಿ ಬಟ್ಟೆ ಕಟ್ಟಿಡಬೇಕು. ಬೆಳಿಗ್ಗೆ ಎಲ್ಲರೂ ಬರಿಹೊಟ್ಟೆಯಲ್ಲಿ ಆ ನೀರನ್ನು ಹೊಟ್ಟೆ ತುಂಬ ಕುಡಿಯಬೇಕು. ಅಂಗಡಿಯ ಕ್ಯಾನ್ ನೀರು, ಊರಿನ ಶುದ್ಧ ನೀರಿನ ಘಟಕದ ನೀರು ಇವಕ್ಕೆಲ್ಲ ಮುಖ್ಯಸ್ಥರು 'ಸತ್ತ ನೀರು' ಎನ್ನುತ್ತಿದ್ದರು. ಆಮೇಲೆ ಆಸನ, ಉಸಿರಾಟ. ಸಂಜೆಯದು ಮುಖ್ಯವಾದ ಕೂಟ. ಪ್ರತಿಯೊಬ್ಬರಿಗೂ ಒಂದು ಬಿಳಿ ಟವೆಲ್ ಕೊಟ್ಟಿರುತ್ತಿದ್ದೆವು. ಯಾರ ಮೇಲೆ ಸಿಟ್ಟಿದೆಯೋ ಅವರ ಹೆಸರಿನಲ್ಲಿ ಅದರ ಅಂಚಿಗೆ ಒಂದು ಗಂಟು ಹಾಕಿಕೊಂಡು ಬರಬೇಕು. ಕೂಟದಲ್ಲಿ ಎಲ್ಲರೆದುರು ಆ ಸಿಟ್ಟನ್ನು ಬಾಯಿಬಿಟ್ಟು ಹೇಳಿ ಗಂಟು ಬಿಚ್ಚಬೇಕು. ಮನಸ್ಸಿನ ಗಂಟೇ ಮೈಯಲ್ಲಿ ಕೀಲು ನೋವಾಗಿ ಕೂರುತ್ತದೆ, ಒಂದು ಬಿಚ್ಚಿದರೆ ಇನ್ನೊಂದು ಬಿಚ್ಚುತ್ತದೆ ಎನ್ನುವುದು ಪಾಠ. ಟವೆಲ್ ತಪಾಸಣೆ ನನ್ನ ಪಾಲಿಗಿತ್ತು.

ಕೊರಟಗೆರೆ, ಮಧುಗಿರಿಗಳಲ್ಲಿ ಇದು ಚೆನ್ನಾಗಿಯೇ ನಡೆಯಿತು. ಅತ್ತೆಯ ಮೇಲೆ, ಅಣ್ಣ ತಮ್ಮಂದಿರ ಮೇಲೆ ಗಂಟು ಹಾಕಿಕೊಂಡವರು ಅತ್ತು ಹಗುರಾಗಿ ಹೋದರು. ಶಿರಾದಲ್ಲಿ ಒಬ್ಬ ವಯಸ್ಸಾದ ದರ್ಜಿ ಖಾಲಿ ಟವೆಲ್ ಹಿಡಿದು ಬಂದಿದ್ದ. ಕೇಳಿದರೆ, "ಅರೆ ಸಾಬ್, ಬೀವಿ ಒಬ್ಳ ಮ್ಯಾಲೆ ಗಂಟು ಹಾಕೋಕೆ ಕೂತ್ರೂ ನಿಮ್ ಟವೆಲ್ ಸಾಲಲ್ಲ. ಒಂದು ಸೀರೆ ಕೊಡ್ರಿ" ಎಂದ. ಇಡೀ ಸಭೆ ನಕ್ಕಿತು. ಮುಖ್ಯಸ್ಥರೂ ನಕ್ಕರು. ಆ ದರ್ಜಿಗೆ ಅಂಗಡಿಯಿತ್ತು, ಬಾಯಿಯಿತ್ತು. ಅವನನ್ನು ಯಾರೂ ಒತ್ತಾಯಿಸಲಿಲ್ಲ.

ಆಮೇಲೆ ಪಾವಗಡದ ಕಡೆ ಹೋದೆವು. ತಿರುಮಣಿ ಸುತ್ತಮುತ್ತ ಭೂಮಿಯೆಲ್ಲ ಸೋಲಾರ್‌ಗೆ ಗುತ್ತಿಗೆ ಹೋಗಿ, ಕಣ್ಣು ಹಾಯಿಸಿದಷ್ಟು ದೂರ ಪ್ಲೇಟುಗಳೇ. ಜಮೀನಿದ್ದವರಿಗೆ ವರ್ಷ ವರ್ಷ ಬಾಡಿಗೆ ಬರುತ್ತದೆ, ಮಾಡಲು ಕೆಲಸವಿಲ್ಲ. ಅವರಲ್ಲಿ ಸಕ್ಕರೆ, ಬಿಪಿ, ನಿದ್ದೆಗೇಡು ಹೆಚ್ಚಾಗಿತ್ತು. ಜಮೀನಿಲ್ಲದೆ ಅವರ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಆ ಊರಿನ ದೊಡ್ಡ ಜಮೀನುದಾರರೊಬ್ಬರು ಶಿಬಿರದ ಖರ್ಚು ಹೊತ್ತಿದ್ದರು. ಅವರ ಹೆಂಡತಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಹಾಲ್ ತುಂಬಬೇಕೆಂದು ಕೂಲಿಯವರನ್ನೂ ಕರೆದು ಹಿಂದಿನ ಸಾಲುಗಳಲ್ಲಿ ಕೂರಿಸಿದೆವು. ಆ ಸಾಲಿನಲ್ಲಿ ಅವಳಿದ್ದಳು.

ಐವತ್ತರ ಆಸುಪಾಸಿನ ವಿಧವೆ. ಪ್ಲೇಟುಗಳ ಕೆಳಗೆ ಬೆಳೆಯುವ ಹುಲ್ಲು ಕೊಯ್ಯುವ ಗುತ್ತಿಗೆ ಕೆಲಸ ಅವಳದು. ಮೊದಲ ದಿನ ಹೆಸರು ಬರೆಸುವಾಗ ಕತ್ತು ಅಲ್ಲಾಡಿಸದೆ, ಸೊಂಟದಿಂದ ಮೇಲಕ್ಕೆ ಇಡೀ ಮೈ ನನ್ನ ಕಡೆ ತಿರುಗಿಸಿದಳು.

"ಅಣ್ಣ, ಕತ್ತು ಕಟ್ಟಿಗೆ ಆದಂಗಾಗೈತೆ. ಪ್ಲೇಟಿನ ಅಡೀಕ್ ನುಗ್ಗಿದ್ರೆ ಮ್ಯಾಲೆ ನೋಡಾಕಾಗಲ್ಲ, ತಲೆಗೆ ಕಬ್ಬಿಣ ಹೊಡಿತೈತೆ. ಮುಂದಿನ ಗುತ್ತಿಗೆಗೆ ಕತ್ತು ತಿರುಗದೋರ್ನ ತಗಳಲ್ಲ ಅಂತ ಮೇಸ್ತ್ರಿ ಹೇಳ್ಬುಟ್ಟವ್ನೆ. ಅಷ್ಟ್ರೊಳಗೆ ಸರಿ ಹೋಗ್ತದಾ?"

ಪಕ್ಕದಲ್ಲಿದ್ದ ಹೆಂಗಸು, "ಏಮೇ, ಪೊಲೀಸ್ನೋರಂಗೆ ನೆಟ್ಟಗೆ ನಡೀತೀಯಲ್ಲೇ, ಸೆಲ್ಯೂಟ್ ಒಂದ್ ಹೊಡೆದ್ಬುಡು" ಎಂದು ಚುಡಾಯಿಸಿದಳು. ಅವಳೂ ನಕ್ಕಳು. ನಗುವಾಗಲೂ ತಲೆ ಅಲ್ಲಾಡಲಿಲ್ಲ.

"ಸರಿ ಹೋಗದೆ ಏನಮ್ಮ, ಶಿಬಿರ ಮುಗಿಯೋದ್ರೊಳಗೆ ಗಿರಗಿಟ್ಲೆ ತಿರುಗ್ದಂಗೆ ತಿರುಗ್ತದೆ" ಎಂದೆ.

ಇಲ್ಲಿ ನನ್ನ ತಪ್ಪು ಶುರುವಾಗುತ್ತದೆ. ಅವಳ ಕತ್ತು ಏಕೆ ಹಾಗಾಗಿದೆ ಎನ್ನುವುದು ನನಗೆ ಆಗಲೇ ಹೊಳೆದಿತ್ತು. ನಾನು ವೈದ್ಯನಲ್ಲ, ಆದರೆ ಆಯುಷ್ಯವೆಲ್ಲ ಬೋರ್‌ವೆಲ್ ನೀರಿನ ಜೊತೆ ಬದುಕಿದವನು. ನಮ್ಮ ಕಡೆಯ ಆಳದ ನೀರಿನಲ್ಲಿ ಫ್ಲೋರೈಡ್ ಇದೆ, ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತದೆ, ಆಮೇಲೆ ಮೂಳೆ ಬಿಗಿಯುತ್ತದೆ, ಕತ್ತು ಬೆನ್ನು ಬಗ್ಗದಂತಾಗುತ್ತದೆ. ಇಲಾಖೆಯವರು ಬಾಟಲಿಯಲ್ಲಿ ನೀರು ಹಿಡಿದು ಒಯ್ದು ಪರೀಕ್ಷೆ ಮಾಡಿಸಿ ಬಂದಾಗ, ಕೈಪಂಪಿಗೆ ಕೆಂಪು ಬಣ್ಣ ಬಳಿದು, ಈ ನೀರು ಕುಡಿಯಲು ಯೋಗ್ಯವಲ್ಲ ಎಂದು ಬರೆದವನು ನಾನು. ಈ ಊರಿನ ಕಲ್ಯಾಣ ಮಂಟಪದ ಬೋರ್‌ವೆಲ್ ಎಷ್ಟು ಆಳದ್ದೆಂದು ಕೇಳಿದೊಡನೆ ನನಗೆ ಅನುಮಾನ ಬಂದಿತ್ತು. ಮುಖ್ಯಸ್ಥರಿಗೆ ಹೇಳಿದೆ ಕೂಡ.

"ಈ ಕಡೆ ನೀರು ಒಳ್ಳೇದಲ್ಲ ಸಾರ್. ಪರೀಕ್ಷೆ ಮಾಡಿಸಿ ಹಂಡೆ ತುಂಬಿಸಾಣ. ಆ ಹಿಂದಿನ ಸಾಲಿನ ಹೆಂಗಸಿನ ಕತ್ತು ನೋಡಿದ್ರೆ ನೀರಿಂದೇ ಅನ್ನಿಸ್ತದೆ."

ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಶ್ರದ್ಧೆಯಿಂದ ಕುಡಿದ ನೀರು ಯಾರಿಗೂ ಕೆಡುಕು ಮಾಡೋದಿಲ್ಲ. ಇಷ್ಟು ದಿನ ಇಲ್ಲದ ಭಯ ನಿಮಗೆ ಈಗ ಯಾಕೆ ಬಂತು ಅಂತ ಒಳಗೆ ನೋಡಿಕೊಳ್ಳಿ."

ಒಳಗೆ ನೋಡಿಕೊಳ್ಳಿ ಎಂದರೆ ಮುಗಿಯಿತು. ಏನು ಹೇಳಿದರೂ ಅದು ನಿಮ್ಮದೇ ಕೊರತೆಯಾಗುತ್ತದೆ. ಆ ದಿನವೂ ಅವರ ಕೋಣೆಗೆ ಕ್ಯಾನ್ ನೀರು ಹೊತ್ತು ಹಾಕಿದವನು ನಾನೇ. ಪ್ರಯಾಣದಲ್ಲಿ ಹೊಟ್ಟೆ ಸೂಕ್ಷ್ಮ ಎನ್ನುತ್ತಿದ್ದರು. ಕ್ಯಾನ್ ಇಳಿಸಿ ಹೊರಗೆ ಬಂದು, ಹಂಡೆಗೆ ಬೋರ್‌ವೆಲ್ ನೀರು ಬಿಟ್ಟೆ.

ಸಂಜೆಯ ಕೂಟಕ್ಕೆ ಅವಳು ಕೆಲಸ ಮುಗಿಸಿ ನೇರವಾಗಿ ಬರುತ್ತಿದ್ದಳು, ಸೀರೆಯ ಅಂಚಿನಲ್ಲಿ ಹುಲ್ಲಿನ ಮುಳ್ಳು ಹಾಗೆಯೇ. ಟವೆಲ್ ಮಾತ್ರ ಮಡಿಕೆ ಕೆಡದೆ ಬೆಳ್ಳಗಿತ್ತು. ಗಂಟಿರಲಿಲ್ಲ.

"ಏನಮ್ಮ, ಇಂಗೆ ಖಾಲಿ ತಂದಿದೀಯ?"

"ನಂಗ್ಯಾರ ಮ್ಯಾಲೂ ಸಿಟ್ಟಿಲ್ಲ ಕಣಣ್ಣ. ಇದ್ದಿದ್ರೆ ಹಾಕ್ಕಂಡು ಬತ್ತಿದ್ದೆ."

ಮರುದಿನವೂ ಹಾಗೆಯೇ ಬಂದಳು. ಮುಖ್ಯಸ್ಥರು ನನ್ನನ್ನು ಪಕ್ಕಕ್ಕೆ ಕರೆದರು. ಶಿಬಿರದಲ್ಲಿ ಎಲ್ಲರಿಗಿಂತ ಬಿಗಿಯಾದ ಮೈ ಅವಳದು, ಸಮಾರೋಪದ ದಿನ ಅವಳು ವೇದಿಕೆಯ ಮೇಲೆ ಕತ್ತು ತಿರುಗಿಸಿ ತೋರಿಸಿದರೆ ನೂರು ಭಾಷಣಕ್ಕೆ ಸಮ, ಇಲ್ಲೊಂದು ಕಾಯಂ ಕೇಂದ್ರ ಕಟ್ಟಿಸಿಕೊಡುವ ಮನಸ್ಸು ಜಮೀನುದಾರರಿಗಿದೆ ಎಂದರು. "ಅವಳು ಮುಚ್ಚಿಟ್ಟುಕೊಂಡಿದ್ದಾಳೆ. ನೀವು ಬಿಚ್ಚಿಸಿ."

ನಾನು ಬಿಚ್ಚಿಸಲು ಹೋದೆ. ಅವಳ ಕೈಯಿಂದ ಟವೆಲ್ ತೆಗೆದುಕೊಂಡು, ನನ್ನ ಕೈಯಾರೆ ಅದರ ಅಂಚಿಗೆ ಗಂಟು ಹಾಕಿದೆ. ಬಿಗಿಯಾಗಿ ಎಳೆದೆ. "ನಾಳೆ ಬರೋವಾಗ ಇದಕ್ಕೊಂದು ಹೆಸರು ಹುಡುಕ್ಕಂಡು ಬಾ. ಇಲ್ದಿದ್ರೆ ಕತ್ತು ಇಂಗೇ ಇರ್ತದೆ, ಕೆಲ್ಸಾನೂ ಹೋಗ್ತದೆ" ಎಂದೆ. ಸಿಟ್ಟಿಲ್ಲದ ಹೆಂಗಸಿಗೆ ಸಿಟ್ಟನ್ನು ಸಾಲ ಕೊಟ್ಟಂತೆ ಕೊಟ್ಟು ಕಳಿಸಿದೆ.

ಮಾರನೆಯ ಸಂಜೆ ಎದ್ದು ನಿಂತು, "ನಮ್ ಎಮ್ಮೆ ಹೋದ ವರ್ಸ ಒದ್ದಿತ್ತು, ಅದರ ಮ್ಯಾಲೆ" ಎಂದಳು. ಹಾಲ್ ನಗೆಯಲ್ಲಿ ತುಂಬಿತು. "ಎಮ್ಮೇನೂ ಶಿಬಿರಕ್ಕೆ ಕರ್ಕೊಂಡ್ ಬಾರಮ್ಮೋ, ಅದರದೂ ಏನೈತೋ ಕೇಳಾಣ" ಎಂದು ಯಾರೋ ಕೂಗಿದರು. ಅವಳು ನನ್ನ ಮುಖ ನೋಡಿದಳು, ಇಷ್ಟು ಸಾಕಲ್ಲವೇ ಎನ್ನುವಂತೆ. ಸಾಕು ಎಂದು ನಾನು ಹೇಳಬಹುದಿತ್ತು. ಶಿರಾದ ದರ್ಜಿಗೆ ಸಿಕ್ಕ ನಗೆಯೇ ಅವಳಿಗೂ ಸಿಗಬಹುದಿತ್ತು.

"ಎಮ್ಮೆ ಲೆಕ್ಕಕ್ಕಿಲ್ಲ. ಮನುಷ್ಯರು ಯಾರು ಹೇಳು. ಯಾರು ನಿಂಗೆ ಮೋಸ ಮಾಡವ್ರೆ? ನೆನಸ್ಕೋ" ಎಂದೆ.

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ದನಿಯಲ್ಲಿ ಹೇಳಿದಳು. ಭೂಮಿ ಸೋಲಾರ್‌ಗೆ ಹೋಗುವಾಗ, ಆ ಹೊಲದಲ್ಲೇ ಸವೆದ ಅವಳ ಗಂಡ ಇನ್ನೂ ಬದುಕಿದ್ದ. ಅವನ ಮಗನಿಗೆ ಕಾವಲುಗಾರನ ಕೆಲಸ ಕೊಡಿಸುತ್ತೇನೆ ಎಂದು ಜಮೀನುದಾರರು ಮಾತು ಕೊಟ್ಟಿದ್ದರು. ಆಮೇಲೆ ಆ ಕೆಲಸ ಜಮೀನುದಾರರ ಕಡೆಯ ಹುಡುಗನಿಗೇ ಹೋಯಿತು. "ಸಿಟ್ಟು ಅಂತಲ್ಲ. ಅವತ್ತು ಒಂದೀಟು ಸಂಕಟ ಆಗಿತ್ತು. ಅಷ್ಟೇಯ" ಎಂದಳು.

ಮುಂದಿನ ಸಾಲಿನಲ್ಲಿ ಜಮೀನುದಾರರ ಹೆಂಡತಿ ತಮ್ಮ ಟವೆಲ್ಲನ್ನು ಮಡಿಸಿಕೊಂಡು ಎದ್ದು ಹೊರಗೆ ಹೋದರು. ಮುಖ್ಯಸ್ಥರಿಗೆ ಆ ಹೊತ್ತಿಗೆ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಮುಚ್ಚಿಕೊಂಡರೋ, ಎರಡೂ ಕೈ ಎತ್ತಿ ಚಪ್ಪಾಳೆ ಹೊಡೆಸಿದರು. ಚಪ್ಪಾಳೆಯ ನಡುವೆ ನಾನೇ ಆ ಗಂಟು ಬಿಚ್ಚಿದೆ. ಉಗುರು ಹಾಕಿ ಎಳೆಯಬೇಕಾಯಿತು, ಅಷ್ಟು ಬಿಗಿ ಹಾಕಿದ್ದೆ.

ಮರುದಿನ ಅವಳು ಸಂಜೆಗೆ ಕಾಯದೆ, ಅಂಬಲಿ ಹಂಚುವ ಹೊತ್ತಿಗೇ ಬಂದಳು. ನಾನು ಸೌಟು ಹಿಡಿದು ನಿಂತಿದ್ದೆ.

"ಮೇಸ್ತ್ರಿ ಇವತ್ತಿಂದ್ಲೇ ಬರಬ್ಯಾಡ ಅಂದ್ಬುಟ್ಟ ಅಣ್ಣ. ಕತ್ತಿನ ಮಾತೇ ಎತ್ತಲಿಲ್ಲ. ಯಜಮಾನ್ರ ಮನೆ ಮರ್ಯಾದೆ ತೆಗೆದೋಳಿಗೆ ಕೆಲ್ಸ ಇಲ್ಲ ಅಂದ." ಆಮೇಲೆ ಕೇಳಿದಳು, "ಕತ್ತೂ ಬುಡಲಿಲ್ಲ, ಕೆಲ್ಸಾನೂ ಹೋಯ್ತು. ಈಗ ಯಾವ ಗಂಟು ಬಿಚ್ಚಲಣ್ಣ?"

ಸಾಲಿನಲ್ಲಿ ನಿಂತವರೆಲ್ಲ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ನಿನ್ನ ಕತ್ತು ನೀರಿನಿಂದ ಹೀಗಾಗಿರಬೇಕು, ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ಫೋಟೋ ತೆಗೆಸು, ಈ ಹಂಡೆಯ ನೀರು ಮುಟ್ಟಬೇಡ ಎಂದು ಹೇಳಲು ಒಂದು ಉಸಿರು ಸಾಕಾಗಿತ್ತು. ನಾನು ಹೇಳಿದ್ದು ಇಷ್ಟು:

"ನೀನು ಇನ್ನೂ ಒಳಗೆ ಏನೋ ಇಟ್ಕಂಡಿದೀಯ ಕಣಮ್ಮ. ಪೂರ್ತಿ ಬಿಚ್ಚಿಲ್ಲ. ಅದಕ್ಕೇ ಹಿಂಗೆ."

ಅವಳು ಜಗಳವಾಡಲಿಲ್ಲ, ಅಳಲಿಲ್ಲ. "ಇರ್ಬೋದು" ಎಂದಳು. ನನ್ನ ಮಾತನ್ನು ನಂಬಿದಳು. ಬೈದಿದ್ದರೆ ಇಷ್ಟು ವರ್ಷ ಅದು ನನ್ನನ್ನು ತಿನ್ನುತ್ತಿರಲಿಲ್ಲ. ತನ್ನ ಮನಸ್ಸಿನಲ್ಲೇ ಕೊಳೆ ಇದೆ ಎಂದು ನಂಬಿಕೊಂಡು, ಇಡೀ ಮೈ ತಿರುಗಿಸಿ ಹೊರಟುಹೋದಳು.

ಆಮೇಲೆ ನಾನು ಓಡಾಡಿದೆ. ಸೋಲಾರ್ ಗೇಟಿನ ಹತ್ತಿರ ಮೇಸ್ತ್ರಿಯನ್ನು ಹಿಡಿದು ಕೇಳಿದೆ. "ನಂದೇನೈತೆ ತಾತ, ಯಜಮಾನ್ರು ಒಂದ್ ಮಾತು ಅಂದ್ರೆ ನಾಳೇನೇ ತಗಂಬುಡ್ತೀನಿ" ಎಂದ. ಜಮೀನುದಾರರ ಮನೆಗೆ ಹೋದೆ. ಕಾಫಿ ಕೊಟ್ಟರು. "ನಾನ್ ಯಾರ್ಗೂ ಏನೂ ಹೇಳಿಲ್ಲಪ್ಪ. ಗುತ್ತಿಗೆಯೋರ ವಿಷ್ಯ ನಂಗ್ಯಾಕೆ" ಎಂದರು. ಮುಖ್ಯಸ್ಥರ ಬಳಿ ಬಂದೆ. "ಇದು ಅವಳ ಪ್ರಯಾಣ. ನಾವು ನಡುವೆ ಬರಬಾರದು" ಎಂದರು. ಯಾರೂ ಏನೂ ಮಾಡಿರಲಿಲ್ಲ. ಒಂದು ಹೊಟ್ಟೆಪಾಡು ಮಾತ್ರ ತಾನಾಗಿಯೇ ಹೋಗಿಬಿಟ್ಟಿತ್ತು. ನಾಲ್ಕು ಜನ ದೊಡ್ಡವರು ಸೇರಿ ಒಬ್ಬ ಬಡವಿಯ ಅನ್ನ ಕಿತ್ತುಕೊಂಡು, ಅದಕ್ಕೆ ಕಾರಣ ಅವಳ ಒಳಗೇ ಇದೆ ಎಂದು ಅವಳನ್ನೇ ಒಪ್ಪಿಸಿದೆವು. ನಾಲ್ಕನೆಯವನು ನಾನು.

ಸಮಾರೋಪದ ಹಿಂದಿನ ದಿನ ಮುಖ್ಯಸ್ಥರು ನನ್ನನ್ನು ಕೂರಿಸಿಕೊಂಡು ಹೇಳಬೇಕಾದ ಮಾತು ಕಲಿಸಿದರು. ಹುಲ್ಲು ಕೊಯ್ಯುವ ತಾಯಿಯೊಬ್ಬಳ ಕತ್ತು ಸಡಿಲವಾಯಿತು, ನಾನೇ ಕಣ್ಣಾರೆ ಕಂಡೆ, ಅವಳು ನೆಂಟರ ಊರಿಗೆ ಹೋಗಿರುವುದರಿಂದ ವೇದಿಕೆಗೆ ಬರಲಾಗಲಿಲ್ಲ, ಹೀಗೆ ಹೇಳಬೇಕು. ಆಗಲಿ ಎಂದೆ. ನಿಜ ಹೇಳುತ್ತೇನೆ, ಹಾಗೇ ಹೇಳುವ ಮನಸ್ಸಿನಿಂದಲೇ ವೇದಿಕೆ ಹತ್ತಿದೆ. ಶಾಲು, ಹಾರ, ಮುಂದಿನ ಸಾಲಿನಲ್ಲಿ ಜಮೀನುದಾರರು. ಮೈಕ್ ಮುಂದೆ ನಿಂತು, "ಒಬ್ಬ ತಾಯಿಯ ಕತ್ತು" ಎಂದೆ. ಅಲ್ಲಿಗೆ ನಿಂತುಹೋಯಿತು. ಹಿಂದಿನ ಸಾಲಿನಲ್ಲಿ ಅವಳನ್ನು ಮೊದಲ ದಿನ ಚುಡಾಯಿಸಿದ ಹೆಂಗಸು ಕೂತಿದ್ದಳು. ನಾನು ಮುಂದೆ ಏನು ಹೇಳುತ್ತೇನೆ ಎನ್ನುವುದು ಅವಳಿಗೆ ಗೊತ್ತಿತ್ತು. ತಲೆ ಬಗ್ಗಿಸಿ ನೆಲ ನೋಡುತ್ತಿದ್ದಳು. ನನ್ನ ಸುಳ್ಳಿಗೆ ನನ್ನ ಬದಲು ಅವಳು ನಾಚಿಕೊಳ್ಳುತ್ತಿದ್ದಳು.

"ಆ ಕತ್ತು ತಿರುಗಿಲ್ಲ" ಎಂದೆ. "ತಿರುಗೋದೂ ಇಲ್ಲ. ಅದು ಈ ನೆಲದ ನೀರು ಕುಡಿದು ಬಿಗಿದಿರೋ ಕತ್ತು, ಸಿಟ್ಟಿನಿಂದ ಬಿಗಿದಿದ್ದಲ್ಲ. ನಾನು ನೀರುಗಂಟಿ, ನಂಗೆ ಮೊದಲೇ ಅನುಮಾನ ಬಂದಿತ್ತು. ಹಂಡೆಗೆ ಬೋರ್‌ವೆಲ್ ನೀರು ಬಿಟ್ಟೋನೂ ನಾನೇ. ಆಯಮ್ಮಂಗೆ ಯಾರ ಮೇಲೂ ಸಿಟ್ಟಿರಲಿಲ್ಲ. ನಾನು ಬಲವಂತ ಮಾಡಿ ಬಾಯಿ ಬಿಡಿಸ್ದೆ. ಅದಕ್ಕೆ ಕೆಲಸ ಕಿತ್ಕೊಂಡ್ರು."

ಮುಖ್ಯಸ್ಥರು ಎದ್ದು ಬಂದು, ಎಂದಿನಂತೆ ನನ್ನ ಹೆಗಲ ಮೇಲೆ ಕೈಯಿಟ್ಟು, ನಗುತ್ತಲೇ ಮೈಕ್ ತೆಗೆದುಕೊಂಡರು. "ಹಿರಿಯರು ದಣಿದಿದ್ದಾರೆ. ಹೆಂಡತಿಯನ್ನು ಕಳೆದುಕೊಂಡ ನೋವು ಇವರಲ್ಲಿ ಇನ್ನೂ ಬಿಚ್ಚಿಲ್ಲ. ಇವರಿಗಾಗಿ ಎಲ್ಲರೂ ಒಂದು ನಿಮಿಷ ಕಣ್ಣು ಮುಚ್ಚೋಣ."

ಎಲ್ಲರೂ ಕಣ್ಣು ಮುಚ್ಚಿದರು. ಇದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಒಬ್ಬ ಮನುಷ್ಯ ನಿಜ ಹೇಳಿದರೆ ಅದನ್ನೂ ಕಾಯಿಲೆಯೆಂದು ತೋರಿಸಿ, ಅವನಿಗಾಗಿ ಪ್ರಾರ್ಥನೆ ಮಾಡಿಸುವ ಜಾಣತನ ಅದು. ನಾನು ಆ ಹುಲ್ಲು ಕೊಯ್ಯುವ ಹೆಂಗಸಿಗೆ ಹೇಳಿದ ಮಾತನ್ನೇ ಅವರು ನನಗೆ ಹೇಳಿದ್ದರು. ಅವಳಿಗೆ ಎಷ್ಟು ನೋವಾಗಿರಬೇಕು ಎನ್ನುವುದು ಅಲ್ಲಿ ನಿಂತಾಗ ಅರ್ಥವಾಯಿತು. ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಇಳಿದೆ. ಬಾಗಿಲ ಬಳಿ ಒಬ್ಬರು, "ನಮ್ಗೇನಾಯ್ತು ಬುಡಿ ಸಾರ್, ನಮ್ ಮನೇಲಿ ಕ್ಯಾನ್ ನೀರೇ ಕುಡಿಯೋದು" ಎಂದರು, ಸಮಾಧಾನ ಹೇಳುವವರಂತೆ.

ಮೈ ಮತ್ತು ಮನಸ್ಸು ಒಂದನ್ನೊಂದು ಹಿಡಿದುಕೊಂಡಿವೆ ಎನ್ನುವುದನ್ನು ನಾನು ಈಗಲೂ ಅಲ್ಲಗಳೆಯುವುದಿಲ್ಲ. ನನ್ನ ನಿದ್ದೆ ಮರಳಿದ್ದು ಹಾಗೆಯೇ. ಆದರೆ ಕುಡಿಯುವ ನೀರು, ದುಡಿಯುವ ಜಾಗ, ಕೊಟ್ಟ ಮಾತು ತಪ್ಪುವ ಯಜಮಾನ, ಇವೂ ಮನುಷ್ಯನ ಆರೋಗ್ಯದ ಒಳಗೇ ಬರುತ್ತವೆ. ಇವನ್ನೆಲ್ಲ ಹೊರಗಿಟ್ಟು, ಇರುವುದೆಲ್ಲ ನಿನ್ನ ಮನಸ್ಸಿನಲ್ಲೇ ಎಂದು ಬಡವರಿಗೆ ಪಾಠ ಹೇಳುವುದು ಆರೋಗ್ಯದ ಕೆಲಸವಲ್ಲ. ಅದು ಇದ್ದವರಿಗೆ ಅನುಕೂಲವಾದ ಕೆಲಸ.

ಒಂದಷ್ಟು ತಿಂಗಳ ಮೇಲೆ ಅವಳ ಊರಿಗೆ ಹೋದೆ. ಜಗುಲಿಯ ಮೇಲೆ ಕೂತು ಕೂಲಿಗೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ಮಗ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದ್ದ. ನೀರಿನಿಂದಲೇ ಆಗಿದೆ, ಹಿಂದಕ್ಕೆ ಹೋಗುವುದಿಲ್ಲ, ನೀರು ಬದಲಿಸಿದರೆ ಹೆಚ್ಚಾಗದಂತೆ ತಡೆಯಬಹುದು ಎಂದಿದ್ದರಂತೆ ಡಾಕ್ಟರು.

"ಆದ್ರೂ ನೀನು ಹೇಳಿದ್ದು ದಿಟವೇ ಅಣ್ಣ" ಎಂದಳು. "ನನ್ ಮನಸ್ನಾಗೂ ಏನೋ ಇರ್ಬೇಕು. ಇಲ್ದಿದ್ರೆ ಅಷ್ಟ್ ಜನ್ರ ಮುಂದೆ ಯಜಮಾನ್ರ ಹೆಸ್ರು ನನ್ ಬಾಯಾಗೆ ಯಾಕ್ ಬತ್ತಿತ್ತು?"

ಕ್ಷಮೆ ಕೇಳಲೆಂದೇ ಬಸ್ ಹತ್ತಿ ಹೋದವನು ನಾನು. ಅದನ್ನು ಕೇಳದೆ ಬೇರೆ ಮಾತು ತೆಗೆದೆ. ಡಾಕ್ಟರು ಬರೆದುಕೊಟ್ಟ ಮಾತ್ರೆ ತಪ್ಪಿಸಬೇಡ, ಘಟಕದ ನೀರೇ ಕುಡಿ ಎಂದು ಬುದ್ಧಿ ಹೇಳಿದೆ. ಬುದ್ಧಿ ಹೇಳುವುದು ನನಗೆ ಸುಲಭ. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಅವಳು ಕೂತಲ್ಲೇ ಇಡೀ ಮೈ ತಿರುಗಿಸಿ, "ಹುಷಾರಾಗಿ ಹೋಗಣ್ಣ" ಎಂದಳು. ಮತ್ತೆ ಆ ಕಡೆ ಹೋಗುವ ಮುಖ ನನಗಿರಲಿಲ್ಲ.

ಇಲ್ಲಿ ಯಾರ ಹೆಸರನ್ನೂ ನಾನು ಬರೆದಿಲ್ಲ. ತಪ್ಪು ಮಾಡಿದ ಬೇರೆಯವರ ಹೆಸರು ಹೇಳಿದರೆ ನನ್ನ ತಪ್ಪು ಸಣ್ಣದಾಗುವುದಿಲ್ಲ. ಆದರೆ ಕ್ಷಮೆ ಕೇಳುವಾಗ ಹೆಸರು ಹಿಡಿದೇ ಕೇಳಬೇಕು. ಅವಳಿಗೆ ಓದಲು ಬರುವುದಿಲ್ಲ, ಮಗ ಓದಿ ಹೇಳಲಿ.

ಓಬಳಮ್ಮ, ನಿನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ.